58ನೇ ಸಾಲಿನ ಹುಡುಗನ ಅಮ್ಮನಿಂದ ಒಂದು ಪತ್ರ

ಗ್ರಾಮರ್ ಸ್ಕೂಲಿಗೆ ಗಂಡುಮಕ್ಕಳನ್ನು ಕಳಿಸುತ್ತಿರುವ, ಮುಂದೆ ಕಳಿಸಬೇಕೆಂದು ಹೊರಟಿರುವ ನಮ್ಮ ಊರಿನ ಕನ್ನಡದ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಪರಿಚಯ ಇದೆ. ಭಾನುವಾರ ಬೆಳಗ್ಗೆ ಚರ್ಚ್ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವವಳು ನಾನು. ವಾರದ ಉಳಿದ ದಿನ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ನಮ್ಮೂರು ತಿಪಟೂರಿನ ಹತ್ತಿರ. ಲಂಡನ್ನಿನ ಈ ಪಶ್ಚಿಮದ ಅಂಚಿಗೆ ಬಂದು ಹದಿನಾರು ವರ್ಷ ಆಯಿತು. ಮಗ ಇಯರ್ 9ರಲ್ಲಿ, ಅಂದರೆ ಹದಿಮೂರು ಹದಿನಾಲ್ಕು ವರ್ಷದವರ ಕ್ಲಾಸಿನಲ್ಲಿ ಓದುತ್ತಿದ್ದಾನೆ, ನಿಮ್ಮ ಮಕ್ಕಳು ಓದುವ ಅದೇ ಬಾಯ್ಸ್ ಸ್ಕೂಲಿನಲ್ಲಿ.

ಈ ತಿಂಗಳ ಎರಡನೇ ವಾರ, ಮಂಗಳವಾರ ರಾತ್ರಿ ಒಂಬತ್ತೂವರೆ ಹೊತ್ತಿಗೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಒಂದು ಎಕ್ಸೆಲ್ ಶೀಟ್ ಬಂತು. ನೀವೂ ನೋಡಿದ್ದೀರಿ. 64 ಹುಡುಗರ ಹೆಸರು. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್. ಕೊನೆಯಲ್ಲಿ ಒಟ್ಟು ಮಾರ್ಕ್ಸ್, ಅದರ ಪಕ್ಕ ರ‍್ಯಾಂಕ್. ಮೇಲಿನ ಸಾಲುಗಳಿಗೆ ಹಸಿರು ಬಣ್ಣ, ನಡುವಿನವಕ್ಕೆ ಹಳದಿ, ಕೆಳಗಿನವಕ್ಕೆ ಕೆಂಪು. ‘ಸುಮ್ನೆ, ಒಂದು ಅಂದಾಜಿಗೆ’ ಅಂತ ಕೆಳಗೆ ಬರೆದಿತ್ತು. ಜೊತೆಗೆ ಕೈ ಮುಗಿದ ಎಮೋಜಿ.

ನನ್ನ ಮಗ 58ನೇ ಸಾಲಿನಲ್ಲಿದ್ದ. ಕೆಂಪು.

ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು ಅಂದರೆ ಅದು ಸುಳ್ಳು. ನಾನು ಮೊದಲು ಮಾಡಿದ್ದು ಮಗನ ಕೆಳಗೆ ಯಾರಿದ್ದಾರೆ ಅಂತ ನೋಡಿದ್ದು. ಆರು ಹುಡುಗರಿದ್ದರು. ಅವರಲ್ಲಿ ಇಬ್ಬರು ನಮ್ಮ ಮನೆಗೆ ಬಂದು ದೋಸೆ ತಿಂದು ಹೋದವರು. ಸದ್ಯ, ಇವನೇ ಕೊನೆಯವನಲ್ಲವಲ್ಲ ಅಂತ ಸಮಾಧಾನ ಆಯಿತು. ಆ ಸಮಾಧಾನ ಆಮೇಲೆ ನಾಚಿಕೆಯಾಗಿ ಕಾಡಿತು. ಎರಡು ವಾರ ಆದರೂ ಹೋಗಲಿಲ್ಲ. ಅದಕ್ಕೇ ಈ ಪತ್ರ.

ಮರುದಿನ ಬೆಳಗ್ಗೆ ತಿಂಡಿ ತಿನ್ನುವಾಗ ಮಗನೇ ಮಾತು ತೆಗೆದ. “ಅಮ್ಮ, ನನ್ನ ಫಿಸಿಕ್ಸ್ ತಪ್ಪು ಹಾಕಿದ್ದಾರೆ. ನಂದು 61. ಅವರು 51 ಬರೆದಿದ್ದಾರೆ.” ಅಷ್ಟೇ ಹೇಳಿದ. ಬಟ್ಟಲು ತೊಳೆದಿಟ್ಟ, ಬ್ಯಾಗ್ ಹಾಕಿಕೊಂಡ, ಹೊರಟ. ನಾವು ದೊಡ್ಡವರು ಮಲಗುವ ಮೊದಲೇ ಶೀಟ್ ಹುಡುಗರ ಫೋನಿಗೂ ಹೋಗಿತ್ತು.

ಮಾರ್ಕ್ಸ್ ಸಿಕ್ಕಿದ್ದು ಹೇಗೆ ಅಂತ ಸಂಜೆ ಕೇಳಿದೆ. ಸ್ಕೂಲಿನವರು ಒಬ್ಬರ ಮಾರ್ಕ್ಸ್ ಇನ್ನೊಬ್ಬರಿಗೆ ಹೇಳುವುದಿಲ್ಲ. ಪಟ್ಟಿ ಹಚ್ಚುವುದಿಲ್ಲ, ರ‍್ಯಾಂಕ್ ಕೊಡುವುದಿಲ್ಲ. ಮತ್ತೆ? ಏಳೂವರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗೆಳೆಯ ಒಂದೊಂದೇ ಸಬ್ಜೆಕ್ಟ್ ಕೇಳಿದನಂತೆ. ಕೇಳಿ ಕೇಳಿ ಫೋನಿನಲ್ಲಿ ಬರೆದುಕೊಂಡನಂತೆ. “ಮನೇಲಿ ಕೇಳ್ಕೊಂಡು ಬಾ ಅಂದಿದ್ದಾರೆ” ಅಂತ ಅವನೇ ಹೇಳಿದನಂತೆ, ಪಾಪ, ತಲೆ ತಗ್ಗಿಸಿಕೊಂಡು. ಹದಿಮೂರು ವರ್ಷದ ಹುಡುಗನ ಕೈಯಲ್ಲಿ ಗೆಳೆಯರ ಮೇಲೆ ಗೂಢಚಾರಿಕೆ ಮಾಡಿಸಿದ್ದೇವೆ. ಅವತ್ತಿನಿಂದ ಆ ಇಬ್ಬರು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದಾರೆ. ಇಯರ್ 7ರಿಂದ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದವರು.

ಇದನ್ನು ಸ್ಕೂಲಿಗೇ ಬರೆಯಬಹುದಿತ್ತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೆಡ್‌ಟೀಚರಿಗೆ ಇ-ಮೇಲ್ ಮಾಡಿದ್ದರೆ ಎಲ್ಲರಿಗೂ ಒಂದು ಎಚ್ಚರಿಕೆ ಬರುತ್ತಿತ್ತು, ಶೀಟ್ ಮಾಯವಾಗುತ್ತಿತ್ತು. ಮುಂದಿನ ಟೆಸ್ಟ್ ಆದ ಮೇಲೆ ಇನ್ನೊಂದು ಚಿಕ್ಕ ಗ್ರೂಪಿನಲ್ಲಿ ಮತ್ತೆ ಹುಟ್ಟುತ್ತಿತ್ತು. ಜೊತೆಗೆ, ಅದನ್ನು ಮಾಡಿದವರು ನಮ್ಮವರೇ, ಕನ್ನಡದವರು. ಯಾರೆಂದು ನನಗೆ ಗೊತ್ತು. ಎರಡು ವರ್ಷದ ಹಿಂದೆ ನನಗೆ ಆಪರೇಷನ್ ಆದಾಗ ಹತ್ತು ದಿನ ಸಾರು, ಪಲ್ಯ ಮಾಡಿ ಬಾಗಿಲಿಗೆ ತಂದಿಟ್ಟು ಹೋದವರು. ಕೆಟ್ಟವರಲ್ಲ. ಮನೆ ಜಗಳ ಮನೆ ಮಾತಿನಲ್ಲೇ ಆಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊಸದಾಗಿ ಬೆಂಗಳೂರು, ಮೈಸೂರಿನಿಂದ ಬಂದವರೂ ನಮ್ಮಲ್ಲಿ ಇದ್ದೀರಿ. ನಿಮಗೆ ಈ ಗ್ರಾಮರ್ ಸ್ಕೂಲ್ ಅನ್ನುವುದೇ ಒಗಟಾಗಿರಬಹುದು. ಸ್ವಲ್ಪ ಹೇಳುತ್ತೇನೆ. 1944ರ ಶಿಕ್ಷಣ ಕಾಯ್ದೆಯ ನಂತರ ಇಲ್ಲಿ ಹನ್ನೊಂದು ವರ್ಷಕ್ಕೇ ಮಕ್ಕಳನ್ನು ಪರೀಕ್ಷೆ ಮಾಡಿ ಬೇರೆ ಬೇರೆ ಸ್ಕೂಲಿಗೆ ಹಂಚುತ್ತಿದ್ದರು. ಓದಿನಲ್ಲಿ ಮುಂದಿರುವವರು ಗ್ರಾಮರ್ ಸ್ಕೂಲಿಗೆ, ಉಳಿದವರಲ್ಲಿ ಹೆಚ್ಚಿನವರು ಸೆಕೆಂಡರಿ ಮಾಡರ್ನ್ ಅನ್ನುವಲ್ಲಿಗೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಬಹಳ ಕಡೆ ಈ ಪದ್ಧತಿಯನ್ನು ಬಿಟ್ಟರು. ಕೆಲವು ಜಿಲ್ಲೆಗಳು ಬಿಡಲಿಲ್ಲ. ಈಗ ಇಂಗ್ಲೆಂಡಿನಲ್ಲಿ ಉಳಿದಿರುವುದು 163 ಗ್ರಾಮರ್ ಸ್ಕೂಲು. 1998ರ ಕಾನೂನಿನ ಪ್ರಕಾರ ಹೊಸದು ತೆರೆಯುವ ಹಾಗಿಲ್ಲ. ಫೀಸ್ ಇಲ್ಲ, ಸರ್ಕಾರದ ದುಡ್ಡಿನಲ್ಲಿ ನಡೆಯುತ್ತವೆ. ಕೆಲವು ಗಂಡುಮಕ್ಕಳಿಗೆ ಮಾತ್ರ, ಕೆಲವು ಹೆಣ್ಣುಮಕ್ಕಳಿಗೆ ಮಾತ್ರ, ಕೆಲವು ಇಬ್ಬರಿಗೂ. ಸರ್ಕಾರಿ ಸೆಕೆಂಡರಿ ಸ್ಕೂಲುಗಳಲ್ಲಿ ಓದುವ ಮಕ್ಕಳಲ್ಲಿ ಸುಮಾರು ನೂರಕ್ಕೆ ಐವರು ಇಲ್ಲಿದ್ದಾರೆ. ಫೀಸಿಲ್ಲದೆ ಒಳ್ಳೆ ಸ್ಕೂಲು, ಸೀಟು ಕಮ್ಮಿ. ನೂಕುನುಗ್ಗಲು ಆಗದೆ ಇನ್ನೇನಾಗುತ್ತದೆ?

ಪರೀಕ್ಷೆಗೆ ಇಲೆವೆನ್ ಪ್ಲಸ್ ಅಂತ ಹೆಸರು. ಆದರೆ ಬರೆಯುವಾಗ ಹೆಚ್ಚಿನ ಮಕ್ಕಳಿಗೆ ಹತ್ತೇ ವರ್ಷ. ಇಯರ್ 6 ಶುರುವಾಗುವ ಸೆಪ್ಟೆಂಬರಿನಲ್ಲೇ ಪರೀಕ್ಷೆ. ಇಂಗ್ಲಿಷ್, ಗಣಿತ, ಪದಗಳ ತರ್ಕ, ಆಕೃತಿಗಳ ತರ್ಕ. ಸ್ಕೂಲುಗಳ ಆಯ್ಕೆಯ ಅರ್ಜಿ ಹಾಕಲು ಅಕ್ಟೋಬರ್ 31 ಕೊನೆ ದಿನ, ಯಾವ ಸ್ಕೂಲು ಸಿಕ್ಕಿತು ಅಂತ ಗೊತ್ತಾಗುವುದು ಮಾರ್ಚ್ 1ಕ್ಕೆ. ನಮ್ಮ ಕಡೆ ಐದನೇ ಕ್ಲಾಸಿನ ಮಕ್ಕಳು ನವೋದಯ ಪರೀಕ್ಷೆ ಬರೆಯುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ‘ಗುಂಪಿಗೆ ಸೇರದ ಚಿತ್ರ ಯಾವುದು’ ಅನ್ನುವ ಅದೇ ಪ್ರಶ್ನೆಗಳು ಇಲ್ಲೂ ಇವೆ. ನನ್ನ ಅಣ್ಣ ಬರೆದಿದ್ದ, ಸಿಗಲಿಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನವೋದಯದಲ್ಲಿ ನೂರಕ್ಕೆ ಕನಿಷ್ಠ 75 ಸೀಟು ಹಳ್ಳಿ ಮಕ್ಕಳಿಗೆ ಮೀಸಲು. ಇಲ್ಲಿ ಹಾಗಲ್ಲ. ಬಡತನದಿಂದ ಸ್ಕೂಲಿನಲ್ಲಿ ಉಚಿತ ಊಟ ಪಡೆಯುವ ಮಕ್ಕಳು ಬೇರೆ ಸ್ಕೂಲುಗಳಲ್ಲಿ ಇರುವುದಕ್ಕಿಂತ ಗ್ರಾಮರ್ ಸ್ಕೂಲುಗಳಲ್ಲಿ ತೀರಾ ಕಮ್ಮಿ. ಕೆಲವು ಸ್ಕೂಲುಗಳು ಈಗ ಅಂಥ ಮಕ್ಕಳಿಗೆ ಸ್ವಲ್ಪ ಆದ್ಯತೆ ಕೊಡುತ್ತಿವೆ. ಉಳಿದ ಸೀಟುಗಳಿಗೆ ಗುದ್ದಾಡುವವರು ನಾವು, ಎರಡು ವರ್ಷ ಟ್ಯೂಷನ್ ಕೊಡಿಸುವ ಶಕ್ತಿ ಇರುವವರು. ನಾನು ಗಂಟೆಗೆ 35 ಪೌಂಡ್ ಕೊಟ್ಟಿದ್ದೇನೆ. ವಾರಕ್ಕೆ ಎರಡು ಗಂಟೆ, ಒಂದೂವರೆ ವರ್ಷ. ನೀವು ಎಷ್ಟು ಕೊಟ್ಟಿರಿ ಅಂತ ಕೇಳುವುದಿಲ್ಲ.

ಈಗ ನನ್ನ ಹಾಜರಿ ಪುಸ್ತಕಕ್ಕೆ ಬರುತ್ತೇನೆ. ಒಂಬತ್ತು ವರ್ಷದಿಂದ ಇಟ್ಟುಕೊಂಡು ಬಂದಿದ್ದೇನೆ. ಐದು ವರ್ಷದ ಮಕ್ಕಳಿಂದ ಎಂಟು ವರ್ಷದವರ ತನಕ ಪುಟ ತುಂಬಿರುತ್ತದೆ. ಇಯರ್ 4ರಲ್ಲಿ ಈಸ್ಟರ್ ರಜೆ ಕಳೆದ ಮೇಲೆ ಹೆಸರುಗಳ ಮುಂದೆ ಖಾಲಿ ಜಾಗ ಶುರುವಾಗುತ್ತದೆ. ಮೊದಲು ಒಂದು ವಾರ ಬಿಟ್ಟು ಒಂದು ವಾರ. ಆಮೇಲೆ ಒಂದು ಮೆಸೇಜ್: “ಮೇಡಂ, ಭಾನುವಾರ ಮಾಕ್ ಟೆಸ್ಟ್ ಇದೆ, ಎಕ್ಸಾಮ್ ಆದ ಮೇಲೆ ಬರ್ತಾನೆ.” ಎಕ್ಸಾಮ್ ಆದ ಮೇಲೆ ಬಂದವರನ್ನು ಬೆರಳಿನಲ್ಲಿ ಎಣಿಸಬಹುದು. ಬರುವುದಾದರೂ ಹೇಗೆ? ಅಷ್ಟು ಹೊತ್ತಿಗೆ ತಮ್ಮ ತಂಗಿಯರು ಒತ್ತಕ್ಷರ ಬರೆಯುತ್ತಿರುತ್ತಾರೆ, ಇವನು ಕಾಗುಣಿತವನ್ನೇ ಮರೆತಿರುತ್ತಾನೆ. ಹನ್ನೊಂದು ವರ್ಷದ ಹುಡುಗ ಆರು ವರ್ಷದವರ ಪಕ್ಕ ಕೂತು ಕ ಕಾ ಕಿ ಕೀ ಹೇಳುತ್ತಾನಾ?

ಈ ದೂರಿನಲ್ಲಿ ಮೊದಲ ಅಪರಾಧಿ ನಾನೇ. ಕನ್ನಡ ಮೇಡಂ ಮಗನೇ ಒಂದೂವರೆ ವರ್ಷ ಕನ್ನಡ ಕ್ಲಾಸಿಗೆ ಬರಲಿಲ್ಲ. ನಾನು ಹಾಲಿನಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳುವಾಗ ಅವನು ಮನೆಯ ಮಹಡಿಯಲ್ಲಿ ಟ್ಯೂಟರ್ ಎದುರು ಆಕೃತಿಗಳನ್ನು ತಿರುಗಿಸುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ತಿಪಟೂರಿಗೆ ಹೋದೆವು. ಅವನ ಅಜ್ಜಿ ಬಸ್ಸಿನ ಬೋರ್ಡ್ ತೋರಿಸಿ ‘ಓದು ನೋಡೋಣ’ ಅಂದರು. ‘ಅರಸೀಕೆರೆ’ ಓದಲು ಅವನಿಗೆ ಆಗಲಿಲ್ಲ. ಏಳು ವರ್ಷದವನಿದ್ದಾಗ ಅದೇ ನಿಲ್ದಾಣದಲ್ಲಿ ಎಲ್ಲ ಬೋರ್ಡನ್ನೂ ಜೋರಾಗಿ ಓದಿ ಕಂಡಕ್ಟರನ್ನು ನಗಿಸಿದ್ದ ಹುಡುಗ.

ಒಬ್ಬರು ಒಮ್ಮೆ ನನಗೆ ಹೇಳಿದರು, “ಮೇಡಂ, ಕನ್ನಡಕ್ಕೆ ಜಿಸಿಎಸ್‌ಇ ಇದ್ದಿದ್ರೆ ಕಳಿಸ್ತಿದ್ವಿ.” ಜಿಸಿಎಸ್‌ಇ ಅಂದರೆ ಇಲ್ಲಿ ಹದಿನಾರು ವರ್ಷದ ಹೊತ್ತಿಗೆ ಬರೆಯುವ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಮಾತು ನಿಜ. ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಭಾಷೆಗಳಿಗೆ ಇಲ್ಲಿ ಜಿಸಿಎಸ್‌ಇ ಪರೀಕ್ಷೆ ಇದೆ. ಕನ್ನಡಕ್ಕೆ ಇಲ್ಲ. ಪರೀಕ್ಷೆ ಇದ್ದರೆ ಆಗ ಅದಕ್ಕೂ ಒಂದು ಕಾಲಮ್ ಬರುತ್ತಿತ್ತು, ಅಲ್ವಾ? ಹಸಿರು, ಹಳದಿ, ಕೆಂಪು. ಇಲ್ಲದಿರುವುದೇ ಒಳ್ಳೆಯದಾಯಿತೇನೋ ಅಂತ ಒಂದೊಂದು ದಿನ ಅನಿಸುತ್ತದೆ.

ಹೋಗಲಿ, ಸೀಟು ಸಿಕ್ಕಿತು, ಇನ್ನಾದರೂ ಮಕ್ಕಳು ಉಸಿರಾಡಲಿ ಅಂದುಕೊಂಡಿದ್ದೆ. ಸ್ಕೂಲು ನಿಜಕ್ಕೂ ಚೆನ್ನಾಗಿದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಚೆಸ್, ಡಿಬೇಟ್, ಹಳೆ ರೇಡಿಯೋ ಬಿಚ್ಚಿ ಜೋಡಿಸುವ ಕ್ಲಬ್. ಆರ್ಕೆಸ್ಟ್ರಾ ಇದೆ. ಕೆಸರಿನಲ್ಲಿ ಓಡುವ ಕ್ರಾಸ್ ಕಂಟ್ರಿ ಇದೆ, ಬಟ್ಟೆ ಒಗೆಯುವ ಕಷ್ಟ ನಮಗೇ ಗೊತ್ತು. ಯಾವ ಸಬ್ಜೆಕ್ಟ್ ಅರ್ಥವಾಗದಿದ್ದರೂ ವಾರಕ್ಕೊಮ್ಮೆ ಆ ಮೇಷ್ಟ್ರು ತಮ್ಮ ಊಟದ ಹೊತ್ತಿನಲ್ಲಿ ಕೂತು ಹೇಳಿಕೊಡುತ್ತಾರೆ. ಕ್ಲಿನಿಕ್ ಅನ್ನುತ್ತಾರೆ ಅದಕ್ಕೆ. ದುಡ್ಡಿಲ್ಲ. ಕೆಮಿಸ್ಟ್ರಿ ಕ್ಲಿನಿಕ್ಕಿಗೆ ಹೋದ ಸಲ ಬಂದವರು ಮೂರೇ ಹುಡುಗರಂತೆ. ಉಳಿದವರಿಗೆ ಶನಿವಾರ ಟ್ಯೂಷನ್ ಇದೆಯಲ್ಲ!

ರಿಪೋರ್ಟ್ ನೋಡಿ. ಪ್ರತಿ ಸಬ್ಜೆಕ್ಟಿಗೂ ಎರಡು ಗುರುತು. ಒಂದು ಕಲಿಕೆಗೆ, ಇನ್ನೊಂದು ಪ್ರಯತ್ನಕ್ಕೆ. ಪ್ರಯತ್ನದ ಕಾಲಮ್ಮನ್ನು ನಾವು ಯಾರಾದರೂ ಓದುತ್ತೇವಾ? ನಮ್ಮವರ ಎಕ್ಸೆಲ್ ಶೀಟಿನಲ್ಲಿ ಅದು ಇರಲೇ ಇಲ್ಲ.

ಹಾಗಂತ ಸ್ಕೂಲಿನವರೂ ಪೂರ್ತಿ ಸಾಚಾ ಅಲ್ಲ. ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲೆ ಮರದ ಹಲಗೆಗಳು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಹೋದವರ ಹೆಸರು ಚಿನ್ನದ ಅಕ್ಷರದಲ್ಲಿ. ನರ್ಸಿಂಗಿಗೆ ಹೋದವನ ಹೆಸರು, ಎಲೆಕ್ಟ್ರಿಷಿಯನ್ ಕೆಲಸ ಕಲಿತವನ ಹೆಸರು ಯಾವ ಹಲಗೆಯಲ್ಲೂ ಇಲ್ಲ. ಹನ್ನೊಂದು ವರ್ಷದ ಹುಡುಗರು ದಿನಾ ಅದರ ಕೆಳಗೇ ನಡೆದುಹೋಗುತ್ತಾರೆ. ಈ ಬಗ್ಗೆ ಸ್ಕೂಲಿಗೆ ಬೇರೆಯಾಗಿ, ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಇಲ್ಲಿ ನಮ್ಮ ಮಾತು.

ನಮ್ಮ ಮಾತು ಅಂದರೆ ಇದು. ಒಂದು ವರ್ಷಕ್ಕೆ ಸೇರುವ ಹುಡುಗರು ಸುಮಾರು 180. ಒಬ್ಬೊಬ್ಬನೂ ತನ್ನ ಪ್ರೈಮರಿ ಸ್ಕೂಲಿನಲ್ಲಿ ಮೊದಲನೆಯವನೋ ಎರಡನೆಯವನೋ ಆಗಿದ್ದವನೇ. ಎಲ್ಲರನ್ನೂ ಆರಿಸಿ ತಂದು ಒಂದೇ ಕಡೆ ಕೂರಿಸಿದ ಮೇಲೆ ಅವರಲ್ಲಿ 90 ಜನ ಕೆಳಗಿನ ಅರ್ಧದಲ್ಲಿ ಇರಲೇಬೇಕು. ಮೇಷ್ಟ್ರು ಎಷ್ಟೇ ಚೆನ್ನಾಗಿ ಕಲಿಸಲಿ, ಟ್ಯೂಷನ್ನಿಗೆ ಎಷ್ಟೇ ಸುರಿಯಿರಿ, 58ನೇ ಸಾಲಿನಲ್ಲಿ ಯಾರೋ ಒಬ್ಬ ಇದ್ದೇ ಇರುತ್ತಾನೆ. ಈ ವರ್ಷ ನನ್ನ ಮಗ. ಮುಂದಿನ ಸಲ ಅವನು 40ಕ್ಕೆ ಬಂದರೆ ನಿಮ್ಮ ಮನೆಯ ಹುಡುಗನೇ ಕೆಳಗೆ ಜಾರಿರುತ್ತಾನೆ. ಅದನ್ನು ನಾನು ಹಬ್ಬ ಅಂತ ಆಚರಿಸಬೇಕಾ?

ಮಾರ್ಕ್ಸೇ ಮುಖ್ಯ ಅನ್ನುವವರಿಗೂ ಒಂದು ಲೆಕ್ಕ ಹೇಳುತ್ತೇನೆ. ಜಿಸಿಎಸ್‌ಇಯಲ್ಲಿ ಗ್ರೇಡ್ ನಿರ್ಧಾರವಾಗುವುದು ಇಡೀ ದೇಶದ ಮಟ್ಟದಲ್ಲಿ. 2017ರಿಂದ ಹಳೆಯ ಎ, ಬಿ, ಸಿ ಹೋಗಿ 9ರಿಂದ 1ರ ತನಕ ಅಂಕಿ ಬಂದಿವೆ. 9 ಎಲ್ಲಕ್ಕಿಂತ ಮೇಲಿನದು. 7 ಮತ್ತು ಅದಕ್ಕಿಂತ ಮೇಲೆ ಬಂದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 9 ಸಿಗುತ್ತದೆ, ಅದೂ ದೇಶದ ಎಲ್ಲ ಸ್ಕೂಲುಗಳ ಮಕ್ಕಳನ್ನು ಸೇರಿಸಿಕೊಂಡು. ಒಂದು ಸ್ಕೂಲಿಗೆ ಇಷ್ಟೇ 9 ಅಂತ ಕೋಟಾ ಇಲ್ಲ. ಪಕ್ಕದಲ್ಲಿ ಕೂತವನಿಗೆ 9 ಬಂದರೆ ನಿಮ್ಮ ಮಗನ 9 ಕಿತ್ತುಕೊಂಡ ಹಾಗಲ್ಲ. ಯೂನಿವರ್ಸಿಟಿಗೆ ಹಾಕುವ ಅರ್ಜಿಯಲ್ಲೂ ಕ್ಲಾಸಿನಲ್ಲಿ ಎಷ್ಟನೆಯವನು ಅಂತ ಯಾರೂ ಕೇಳುವುದಿಲ್ಲ. ಅಂದರೆ ಆ ಶೀಟಿನ ಕೊನೆಯ ಕಾಲಮ್ಮಿನಿಂದ ಮೊದಲನೇ ಸಾಲಿನ ಹುಡುಗನಿಗೂ ಮೂರು ಕಾಸಿನ ಉಪಯೋಗ ಇಲ್ಲ. ಗೆಳೆಯನಿಗೆ ಕೂತು ಲೆಕ್ಕ ಹೇಳಿಕೊಟ್ಟರೆ ಇಬ್ಬರಿಗೂ ಲಾಭ. ಮುಚ್ಚಿಟ್ಟುಕೊಂಡರೆ ಯಾರಿಗೂ ಇಲ್ಲ.

ಮತ್ತೆ ಯಾಕೆ ಮಾಡಿದೆವು? ನನಗೆ ಅನಿಸುವುದು ಇಷ್ಟು. ನಾವೆಲ್ಲ ಸಿಇಟಿ ರ‍್ಯಾಂಕಿನ ಮಕ್ಕಳು. ಅಲ್ಲಿ ರ‍್ಯಾಂಕ್ ಅಂದರೆ ಸೀಟು. ಪಕ್ಕದ ಮನೆಯವಳು ಮುಂದೆ ಹೋದರೆ ನಾವು ಹಿಂದೆ ಉಳಿದ ಹಾಗೇ. ಪಿಯುಸಿ ರಿಸಲ್ಟ್ ದಿನ ಪೇಪರಿನಲ್ಲಿ ಬೇರೆಯವರ ಮಕ್ಕಳ ಫೋಟೋ ನೋಡಿ ನಮ್ಮಪ್ಪ ಊಟ ಬಿಟ್ಟು ಎದ್ದಿದ್ದರು. ನನ್ನ ಸಿಇಟಿ ರ‍್ಯಾಂಕ್ ನನಗೆ ಈಗಲೂ ಬಾಯಲ್ಲೇ ಇದೆ. ಮದುವೆ ತಾರೀಕನ್ನು ಮಾತ್ರ ಒಂದು ಕ್ಷಣ ಯೋಚಿಸಿ ಹೇಳಬೇಕು. ಆ ಭಯ ನಮ್ಮದು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆ ಅದನ್ನೂ ತಂದುಬಿಟ್ಟಿದ್ದೇವೆ. ರ‍್ಯಾಂಕೇ ಇಲ್ಲದ ಊರಿಗೆ ಬಂದು ಕೈಯಾರೆ ರ‍್ಯಾಂಕ್ ಲಿಸ್ಟ್ ಮಾಡಿಕೊಂಡೆವು.

ಗಂಡುಹುಡುಗರೇ ಇರುವ ಸ್ಕೂಲು ಅನ್ನುವುದನ್ನೂ ಮರೆಯಬೇಡಿ. ಅವರು ಹೇಳಿಕೊಳ್ಳುವುದಿಲ್ಲ. ‘ಹೇಗಿತ್ತು ಇವತ್ತು?’ ‘ಓಕೆ.’ ‘ಏನಾಯ್ತು?’ ‘ಏನಿಲ್ಲ.’ ನಮ್ಮ ಮನೆಯ ಸಂಜೆ ಮಾತುಕತೆ ಇಷ್ಟೇ. ಸ್ಕೂಲಿನಲ್ಲೂ ಅಳುವವನನ್ನು ನೋಡಿ ನಗುವವರೇ ಜಾಸ್ತಿ. ಕೆಂಪು ಸಾಲಿನಲ್ಲಿದ್ದ ಇನ್ನೊಬ್ಬ ಹುಡುಗ ಆ ವಾರ ಎರಡು ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿದ. ಅವನ ಅಮ್ಮ ನನಗೆ ಫೋನ್ ಮಾಡಿ ಯಾವ ಮಾತ್ರೆ ಕೊಡಲಿ ಅಂತ ಕೇಳಿದರು. ಫಾರ್ಮಸಿಸ್ಟ್ ಆಗಿ ಕೇಳಬೇಕಾದ್ದೆಲ್ಲ ಕೇಳಿದೆ. ಜ್ವರ ಇಲ್ಲ, ವಾಂತಿ ಇಲ್ಲ. ಶೀಟ್ ನೋಡಿದ್ದಾನಾ ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮೊದಲ ಐದರಲ್ಲಿದ್ದ ಹುಡುಗನ ಮನೆಯ ಸುದ್ದಿಯೂ ಗೊತ್ತು. ಎರಡನೆಯವನು ಯಾಕಾದೆ ಅಂತ ಅವನ ಕ್ಲಾರಿನೆಟ್ ಕ್ಲಾಸ್ ನಿಲ್ಲಿಸಿದ್ದಾರೆ. ರಾಜ್ಯೋತ್ಸವದ ದಿನ ನಮ್ಮ ನಾಡಗೀತೆಯನ್ನು ಅದೇ ಕ್ಲಾರಿನೆಟ್ಟಿನಲ್ಲಿ ನುಡಿಸಿದವನು ಅವನೇ. ಹಾಲಿನಲ್ಲಿ ನೀವೇ ಎದ್ದು ನಿಂತು ಚಪ್ಪಾಳೆ ಹೊಡೆದಿರಿ.

ಪೇರೆಂಟ್ಸ್ ಈವ್ನಿಂಗ್ ಬಗ್ಗೆ ನನ್ನದೇ ಕತೆ ಹೇಳಿಬಿಡುತ್ತೇನೆ. ಕೋವಿಡ್ ಆದ ಮೇಲೆ ಅದು ವಿಡಿಯೋ ಕಾಲಿನಲ್ಲಿ. ಒಬ್ಬ ಮೇಷ್ಟ್ರಿಗೆ ಐದು ನಿಮಿಷ. ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ, ಐದು ನಿಮಿಷ ಆಯಿತೋ, ಮಾತು ಬಾಯಲ್ಲಿದ್ದರೂ ಕಾಲ್ ಕಟ್. ಹೋದ ವರ್ಷ ಜಾಗ್ರಫಿ ಟೀಚರ್ ಜೊತೆ ಮಾತಾಡುವಾಗ ನಾನು ನಾಲ್ಕು ನಿಮಿಷ ಟೆಸ್ಟ್ ಮಾರ್ಕ್ಸ್ ಬಗ್ಗೆಯೇ ಕೇಳಿದೆ. ಸರಾಸರಿ ಎಷ್ಟು, ಇವನು ಅದರ ಮೇಲಾ ಕೆಳಗಾ, ಹೀಗೆ. ಮಗ ಪಕ್ಕದಲ್ಲೇ ಕೂತಿದ್ದ. ಕೊನೆಗೆ ಆಕೆ, “ಅವನು ಬಿಡಿಸಿರುವ ಮ್ಯಾಪ್ ನೋಡಿದ್ದೀರಾ?” ಅಂದರು. ಯಾವ ಮ್ಯಾಪ್ ಅನ್ನುವಷ್ಟರಲ್ಲಿ ಕಾಲ್ ಕಟ್ ಆಯಿತು. ರಾತ್ರಿ ಅವನ ನೋಟ್‌ಬುಕ್ ತೆಗೆದು ನೋಡಿದೆ. ತಿಪಟೂರಿನ ಅಜ್ಜಿ ಮನೆ ಹಿಂದಿನ ಬೋರೆ. ಎತ್ತರ ತೋರಿಸುವ ಗೆರೆಗಳನ್ನು ಒಂದರೊಳಗೊಂದು ಎಳೆದು, ತೆಂಗಿನ ತೋಟ, ಕಟ್ಟೆ, ಕೆರೆ ಏರಿ ಎಲ್ಲ ಗುರುತು ಮಾಡಿದ್ದ. ರಜೆಯಲ್ಲಿ ಅವನು ಆ ಬೋರೆ ಹತ್ತಿ ಇಳಿಯುತ್ತಿದ್ದುದು ಸುಮ್ಮನೆ ತಿರುಗಾಟ ಅಂದುಕೊಂಡು ನಾನು ಬೈದಿದ್ದೆ.

ಬರುವ ತಿಂಗಳುಗಳಲ್ಲಿ ಇಯರ್ 9ರವರು ಜಿಸಿಎಸ್‌ಇಗೆ ಸಬ್ಜೆಕ್ಟ್ ಆರಿಸಬೇಕು. ಇವನಿಗೆ ಜಾಗ್ರಫಿ ಬೇಕಂತೆ, ಡಿಸೈನ್ ಬೇಕಂತೆ. ಗ್ರೂಪಿನಲ್ಲಿ ಆಗಲೇ ಯಾರೋ ಬರೆದಿದ್ದಾರೆ, ‘ಕಂಪ್ಯೂಟರ್ ಸೈನ್ಸ್ ಬಿಟ್ಟು ಡ್ರಾಮಾ ತಗೊಂಡ್ರೆ ಮುಂದೆ ಏನ್ ಮಾಡ್ತಾರೆ’ ಅಂತ. ಆ ಸಾಲಿಗೆ 23 ಥಮ್ಸ್ ಅಪ್ ಬಿದ್ದಿವೆ. ಡ್ರಾಮಾ ಬೇಕು ಅಂತ ಆಸೆಪಟ್ಟ ಹುಡುಗ ಯಾರು ಅಂತ ನನಗೆ ಗೊತ್ತಿದೆ. ಬಸವಣ್ಣನ ಪ್ರತಿಮೆ ನೋಡಲು ಥೇಮ್ಸ್ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಟ್ರೇನಿನಲ್ಲಿ ಎಲ್ಲ ಆಂಟಿ ಅಂಕಲ್‌ಗಳ ದನಿ ಅನುಕರಿಸಿ ನಗಿಸಿದವನು. ನನ್ನದೂ ಮಾಡಿದ. ತೀರಾ ಸರಿಯಾಗಿ ಮಾಡಿದ.

ಈಗ ನನ್ನ ಕೋರಿಕೆ. ಮೊದಲು ಆ ಶೀಟನ್ನು ಅಳಿಸಿ. ಗ್ರೂಪಿನಿಂದ ಮಾತ್ರ ಅಲ್ಲ, ನಿಮ್ಮ ಫೋನಿನಿಂದ, ಮಗನ ಫೋನಿನಿಂದಲೂ. ಅಳಿಸುವಾಗ ಅವನ ಎದುರಿಗೇ ಅಳಿಸಿ. ಮಾರ್ಕ್ಸ್ ಕೇಳಿಕೊಂಡು ಬಾ ಅಂತ ಇನ್ನು ಮುಂದೆ ಯಾವ ಹುಡುಗನನ್ನೂ ಕಳಿಸಬೇಡಿ. ನಿಮ್ಮ ಮಗನ ಮಾರ್ಕ್ಸ್ ಬೇಕಾದರೆ ಅವನನ್ನೇ ಕೇಳಿ, ನನ್ನ ಮಗನದ್ದು ನನಗೆ ಬಿಡಿ.

ಶನಿವಾರದ ಟ್ಯೂಷನ್ ಬೇಕಾ ಬೇಡವಾ ಅಂತ ಒಮ್ಮೆ ಹುಡುಗನನ್ನೇ ಕೇಳಿ ನೋಡಿ. ಬೇಕು ಅಂದರೆ ಇರಲಿ, ನನ್ನ ತಕರಾರಿಲ್ಲ. ಬೇಡ ಅಂದರೆ ಒಂದು ಟರ್ಮ್ ನಿಲ್ಲಿಸಿ, ಊಟದ ಬಿಡುವಿನ ಕ್ಲಿನಿಕ್ಕಿಗೆ ಕಳಿಸಿ ನೋಡಿ. ಕ್ಲಾರಿನೆಟ್ ಹುಡುಗನ ಮನೆಯವರಲ್ಲಿ ಮಾತ್ರ ಇದು ಕೋರಿಕೆ ಅಲ್ಲ, ಬೇಡಿಕೊಳ್ಳುತ್ತಿದ್ದೇನೆ. ದಯವಿಟ್ಟು ಆ ಕ್ಲಾಸ್ ಮತ್ತೆ ಶುರು ಮಾಡಿ.

ಇಯರ್ 4, 5ರ ಅಪ್ಪ ಅಮ್ಮಂದಿರಿಗೆ ಬೇರೆ ಮಾತು. ಪರೀಕ್ಷೆ ಬರೆಸಬೇಡಿ ಅನ್ನಲು ನನಗೆ ಬಾಯಿಲ್ಲ, ನಾನೇ ಬರೆಸಿದವಳು. ಆದರೆ ಕನ್ನಡ ಕ್ಲಾಸ್ ಬಿಡಿಸಬೇಡಿ. ನಾನೂ ಒಂದು ಹೆಜ್ಜೆ ಮುಂದೆ ಬರುತ್ತೇನೆ. ಜನವರಿಯಿಂದ ಆ ವಯಸ್ಸಿನವರಿಗೆ ಬೇರೆ ಬ್ಯಾಚ್ ಮಾಡುತ್ತೇನೆ. ಬೆಳಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲು, ಬರೀ ಮುಕ್ಕಾಲು ಗಂಟೆ. ಹೋಂವರ್ಕ್ ಇಲ್ಲ. ಹನ್ನೊಂದಕ್ಕೆ ಮಾಕ್ ಟೆಸ್ಟ್ ಇದ್ದರೂ ಹೋಗಬಹುದು. ಟ್ಯೂಟರಿಗೆ ಕೊಡಲು ದುಡ್ಡಿಲ್ಲದ ಮನೆಗಳೂ ನಮ್ಮಲ್ಲಿವೆ, ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಮಗನ ಹಳೆಯ ಪ್ರಾಕ್ಟೀಸ್ ಪುಸ್ತಕಗಳು ಒಂದು ಪೆಟ್ಟಿಗೆ ತುಂಬ ಇವೆ. ಹಾಲಿನ ಅಲ್ಮೇರಾದಲ್ಲಿ ಇಡುತ್ತೇನೆ, ಯಾರನ್ನೂ ಕೇಳದೆ ತೆಗೆದುಕೊಂಡು ಹೋಗಿ. ನಿಮ್ಮ ಮನೆಯಲ್ಲಿರುವುದನ್ನೂ ತಂದು ಅಲ್ಲೇ ಇಡಿ.

ಮಾರ್ಚ್ 1ರ ಸಂಜೆ ಬಳಗದ ಗ್ರೂಪಿನಲ್ಲಿ ‘ಸಿಕ್ಕಿತು’ ಅಂತ ಹಾಕುವ ಮೊದಲು, ಸಿಗದವರೂ ಅದೇ ಗ್ರೂಪಿನಲ್ಲಿ ಇದ್ದಾರೆ ಅನ್ನುವುದು ನೆನಪಿರಲಿ. ಹೋದ ವರ್ಷ ಲಾಡು ಫೋಟೋ ಒಂದರ ಹಿಂದೆ ಒಂದು ಬಂದವು. ಒಬ್ಬ ಹುಡುಗ ಆಮೇಲೆ ಯುಗಾದಿ ಕಾರ್ಯಕ್ರಮಕ್ಕೂ ಬರಲಿಲ್ಲ. ಅವನು ಹೋಗುತ್ತಿರುವ ಸ್ಕೂಲು ಮನೆಯಿಂದ ಹತ್ತು ನಿಮಿಷದ ನಡಿಗೆ, ಅವನಿಗೆ ಅಲ್ಲಿ ಇಷ್ಟವಾಗಿದೆ. ಆದರೂ ನಮ್ಮೆದುರು ಬರಲು ಅವನಿಗೆ ನಾಚಿಕೆ.

ನನ್ನ ಮಗ ಈಗ ಪ್ರತಿ ಭಾನುವಾರ ಹಾಲಿಗೆ ಬರುತ್ತಿದ್ದಾನೆ. ಸ್ಕೂಲಿನ ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡಿಗೆ ಕನಿಷ್ಠ ಮೂರು ತಿಂಗಳು ಯಾವುದಾದರೂ ಸೇವೆ ಮಾಡಬೇಕು, ಅವನು ಕನ್ನಡ ಕ್ಲಾಸನ್ನೇ ಆರಿಸಿಕೊಂಡ. ಚಿಕ್ಕವರಿಗೆ ಒತ್ತಕ್ಷರ ಹೇಳಿಕೊಡುತ್ತಾನೆ, ಹಿಂದಿನ ರಾತ್ರಿ ತಾನು ಕಲಿತುಕೊಂಡು. ಅವನಿಗೆ ಕನ್ನಡದಲ್ಲಿ ಎಷ್ಟು ಮಾರ್ಕ್ಸ್ ಕೊಡಬಹುದು ಅಂತ ನಾನು ಯೋಚಿಸುತ್ತಿಲ್ಲ. ಬಸ್ಸಿನ ಆ ಗೆಳೆಯನಿಗೂ ಬಾ ಅಂತ ಮೆಸೇಜ್ ಮಾಡಿದ್ದಾನಂತೆ. ಇನ್ನೂ ಉತ್ತರ ಬಂದಿಲ್ಲ.

ಈ ಭಾನುವಾರ ಹತ್ತೂವರೆಗೆ ಹಾಲ್ ತೆರೆದಿರುತ್ತದೆ. ಹೀಟರ್ ರಿಪೇರಿ ಆಗಿದೆ. ಶೀಟ್ ಮಾಡಿದವರೂ ಖಂಡಿತ ಬನ್ನಿ, ಮಗನನ್ನು ಕರೆದುಕೊಂಡು ಬನ್ನಿ. ನಿಮ್ಮ ಸಾರಿನ ಡಬ್ಬಿ ಎರಡು ವರ್ಷದಿಂದ ನಮ್ಮ ಅಡುಗೆಮನೆಯಲ್ಲೇ ಉಳಿದಿದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ಲ, ಚಕ್ಕುಲಿ ತುಂಬಿ ತರುತ್ತೇನೆ.

ಇಂತಿ,
ಭಾನುವಾರದ ಕನ್ನಡ ಮೇಡಂ